ಹೆಸರು ಬಂದ ಬಾಗಿಲು

ಡಂಗುರದವನು ಪೇಟೆಯ ಬಾವಿಕಟ್ಟೆ ಹತ್ತಿ ಕೂಗಿದ: “ಕಾರ್ಲ್ ದೊರೆಗಳ ಅಪ್ಪಣೆ. ಇನ್ನು ಮುಂದೆ ಕಾರ್ಲ್ ಎಂಬ ಹೆಸರು ದೊರೆಗಳೊಬ್ಬರಿಗೇ ಸಲ್ಲತಕ್ಕದ್ದು. ಯಾವ ತಾಯಿ ತನ್ನ ಕೂಸನ್ನು ಆ ಹೆಸರಿನಿಂದ ಕರೆದಳೋ ಅವಳ ನಾಲಿಗೆ ಕತ್ತರಿಸಿ, ಕೂಸನ್ನು ಹೊಳೆಗೆ ಎಸೆಯಲಾಗುವುದು. ದೊರೆಗಳ ಬಳಿ ಮೂರು ಒಗಟುಗಳಿವೆ. ಬಿಡಿಸಿದವನಿಗೆ ಬೇಡಿದ್ದು ಸಿಗುವುದು. ತಪ್ಪಿದವನ ತಲೆ ಕೋಟೆಯ ಮೇಲೇರುವುದು.”

ದೂರದ ಉತ್ತರದ ಆ ಚಳಿನಾಡಿನ ದೊರೆಗೆ ಬೇರೆ ಕೆಲಸವಿರಲಿಲ್ಲವೇ ಎಂದು ನೀವು ಕೇಳಬಹುದು. ಇರಲಿಲ್ಲ. ಯುದ್ಧ ಮುಗಿದಿತ್ತು, ಬೇಟೆ ಬೇಸರವಾಗಿತ್ತು. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ. ಈ ದೊರೆ ಊರವರ ಮಕ್ಕಳ ಹೆಸರು ಕೆತ್ತಲು ಹೊರಟಿದ್ದ.

ಆ ಊರಲ್ಲಿ ವೆಂಡೆಲ್ ಎಂಬ ಬಡ ಉಪ್ಪಿನ ವ್ಯಾಪಾರಿ. ಹೇಸರಗತ್ತೆಯ ಮೇಲೆ ಉಪ್ಪು ಹೇರಿಕೊಂಡು ಗಡಿ ದಾಟಿ ದೇಶ ದೇಶ ಸುತ್ತುವವನು. ಅವನ ಅಪ್ಪನೂ ಅದೇ ಕೆಲಸದವನು, ಹೆಸರು ಕಾರ್ಲ್. ಅಪ್ಪ ಸುಗ್ಗಿಯ ಹೊತ್ತಿಗೆ ಸತ್ತ. ಹಿಮ ಬೀಳುವ ಹೊತ್ತಿಗೆ ಅಕ್ಕ ಗೆರ್ಡಾ ಗಂಡುಕೂಸು ಹೆತ್ತಳು. ಮನೆಯಲ್ಲಿ ಹಿರಿಯ ಸತ್ತ ಮೇಲೆ ಹುಟ್ಟುವ ಮೊದಲ ಕೂಸಿಗೆ ಅವನ ಹೆಸರೇ ಇಡಬೇಕು, ಇಲ್ಲದಿದ್ದರೆ ಸತ್ತವನು ಹೊಸಿಲಾಚೆ ಹಿಮದಲ್ಲೇ ನಿಂತಿರುತ್ತಾನೆ ಎಂದು ಅಲ್ಲಿಯವರ ನಂಬಿಕೆ. ಅಪ್ಪನನ್ನು ಹೊರಗೆ ನಿಲ್ಲಿಸಲು ಗೆರ್ಡಾಳಿಗೆ ಮನಸ್ಸಾಗಲಿಲ್ಲ. ಡಂಗುರ ಕೇಳಿಯೂ ಕೂಸನ್ನು ಕಾರ್ಲ್ ಎಂದೇ ಕರೆದಳು. ಪಕ್ಕದ ಮನೆಯವರು ಕೇಳಿಸಿಕೊಂಡರು, ದೂರು ಕೊಟ್ಟರು. ಹೊತ್ತು ಮುಳುಗುವುದರೊಳಗೆ ಶಿಕ್ಷೆ ಮುಗಿಯಬೇಕೆಂದು ತೀರ್ಪಾಯಿತು. ಅದೇ ಮಧ್ಯಾಹ್ನ ವೆಂಡೆಲ್ ಉಪ್ಪಿನ ಕೈಯನ್ನು ಅಂಗಿಗೆ ಒರೆಸಿಕೊಂಡು ಅರಮನೆಗೆ ಹೋದ.

ಒಗಟಿನ ಸಭೆಯ ಬಾಗಿಲು ಯಾವಾಗಲೂ ಮುಚ್ಚಿರುತ್ತಿತ್ತು. ಒಳಗೆ ಕೇಳಿದ ಮಾತು ಹೊರಗೆ ಬರುವ ಹೊತ್ತಿಗೆ ಕೇಳಿದವನಿಗೆ ತಲೆ ಇರುತ್ತಿರಲಿಲ್ಲ. ಅಂದು ವೆಂಡೆಲನಿಗಿಂತ ಮುಂದೆ ಇಬ್ಬರು ನಿಂತಿದ್ದರು: ರಾಜಕುಮಾರಿಯನ್ನು ಬೇಡಲು ಬಂದ ಒಬ್ಬ ಜಹಗೀರುದಾರನ ಮಗ, ಮತ್ತೊಬ್ಬ ಗಡ್ಡದ ಪಂಡಿತ.

ದೊರೆ ಮೊದಲ ಒಗಟು ಹೇಳಿದ: “ಒಬ್ಬನೇ ಮನುಷ್ಯ ಹತ್ತು ದೇಶ ನಡೆಯುತ್ತಾನೆ. ಗಡಿ ದಾಟಿದಾಗಲೆಲ್ಲ ಅಂಗಿ ಬದಲಿಸುತ್ತಾನೆ. ನೂರಾರು ವರ್ಷವಾದರೂ ಅವನಿಗೆ ಮುಪ್ಪಿಲ್ಲ. ಅವನು ಯಾರು?”

ಜಹಗೀರುದಾರನ ಮಗ ಗಾಳಿ ಎಂದ. ಅವನನ್ನು ಎಳೆದುಕೊಂಡು ಹೋದರು. ಪಂಡಿತ ಬಹಳ ಹೊತ್ತು ಯೋಚಿಸಿ ಸೂರ್ಯ ಎಂದ. ಅವನ ಗಡ್ಡ ಅಡ್ಡ ಬರುತ್ತದೆಂದು ಕಟುಕ ಅದನ್ನು ಮೊದಲು ಬೋಳಿಸಿದ. ಅದನ್ನು ನೋಡಿ ದೊರೆ ಹೊಟ್ಟೆ ಹಿಡಿದು ನಕ್ಕ.

“ನೀನು ಹೇಳೋ ಉಪ್ಪಿನವನೇ.”

ವೆಂಡೆಲ್ ಒಂದು ಹೆಜ್ಜೆ ಮುಂದೆ ಬಂದು ಹೇಳಿದ: “ಅದು ನಿಮ್ಮ ಹೆಸರು, ದೊರೆ. ನಮ್ಮಪ್ಪನ ಜೊತೆ ಸುತ್ತುವಾಗ ಕೇಳಿದೀನಿ. ಫ್ರಾನ್ಸಿನ ಛತ್ರದೋರು ಅಪ್ಪನ್ನ ಶಾರ್ಲ್ ಅಂತಿದ್ರು, ಇಟಲಿಯೋರು ಕಾರ್ಲೊ, ಸ್ಪೇನಿನೋರು ಕಾರ್ಲೋಸ್, ಬೊಹೀಮಿಯಾದಲ್ಲಿ ಕಾರೆಲ್, ಹಂಗೇರಿಯಲ್ಲಿ ಕಾರೊಯ್. ಎಲ್ಲಿ ಏನಂದ್ರೂ ಅಪ್ಪ ಓಗೊಡ್ತಿದ್ದ.”

ದೊರೆಯ ನಗು ಅರ್ಧಕ್ಕೆ ನಿಂತಿತು. “ಸರಿ. ಎರಡನೆಯದು. ಪೂರ್ವದ ನಾಡುಗಳಲ್ಲಿ ದೊರೆ ಸಾಯುತ್ತಾನೆ, ಇನ್ನೊಬ್ಬ ಬರುತ್ತಾನೆ. ಇವರೆಲ್ಲರ ಜೊತೆ ಸಿಂಹಾಸನ ಹತ್ತಿ, ಯಾರ ಜೊತೆಯೂ ಗೋರಿಗೆ ಹೋಗದವನು ಯಾರು?”

“ಅದೂ ಅವನೇ, ದೊರೆ. ಹಿಂದೊಬ್ಬ ಕಾರ್ಲ್ ಚಕ್ರವರ್ತಿ ಆ ಕಡೆಯೋರನ್ನ ಎಷ್ಟು ಹೆದರಿಸಿದ್ದ ಅಂದ್ರೆ, ಆಮೇಲೆ ಅವರು ಯಾವ ರಾಜನನ್ನ ಕರೀಬೇಕಾದ್ರೂ ಆ ಹೆಸರಿಂದಲೇ ಕರೆಯೋಕೆ ಶುರುಮಾಡಿದ್ರು. ಅಲ್ಲಿ ಉಪ್ಪಿನ ಸುಂಕ ಕಟ್ಟುವಾಗ ಇದು ಕ್ರಾಲನ ಪಾಲು ಅಂತ ಇಸ್ಕೋತಾರೆ. ಕಾರ್ಲ್ ಅವರ ಬಾಯಲ್ಲಿ ಕ್ರಾಲ್ ಆಗಿದೆ, ರಾಜನ ಪಾಲು ಅಂತ ಅದರ ಅರ್ಥ.”

ಮೂರನೆಯ ಒಗಟು ಹೇಳುವವಳು ರಾಜಮಾತೆ. ಅದರ ಉತ್ತರ ಅರಮನೆಯಲ್ಲಿ ಅವಳಿಗೊಬ್ಬಳಿಗೇ ಗೊತ್ತು. ಮೂಲೆಯಲ್ಲಿ ನೂಲು ಸುತ್ತುತ್ತ ಕುಳಿತಿದ್ದ ಮುದುಕಿ ತಲೆ ಎತ್ತದೆ ಕೇಳಿದಳು: “ಆ ಹೆಸರು ಈ ಅರಮನೆಗೆ ಯಾವ ಬಾಗಿಲಿಂದ ಬಂತು?”

ಹಿಂದೆ ಇಬ್ಬರು ಇಲ್ಲಿಯವರೆಗೆ ಬಂದಿದ್ದರು. ಒಬ್ಬ ಮಹಾದ್ವಾರ ಎಂದಿದ್ದ, ಇನ್ನೊಬ್ಬ ದೇವಮಂದಿರದ ಬಾಗಿಲು ಎಂದಿದ್ದ. ಮುದುಕಿ ನೂಲು ಸುತ್ತುವುದನ್ನು ನಿಲ್ಲಿಸದೆ ಇಬ್ಬರಿಗೂ ಅಲ್ಲವೆಂದು ತಲೆಯಾಡಿಸಿದ್ದಳು.

ವೆಂಡೆಲ್ ಕಣ್ಣು ಮುಚ್ಚಿದ. ಅಪ್ಪ ಸಾಯುವ ಮುನ್ನ ಹೇಳಿದ್ದ ಮಾತು ಅವನ ನಾಲಿಗೆಯ ತುದಿಯಲ್ಲಿತ್ತು, ಆದರೆ ದೊರೆಯ ಮುಂದೆ ಅದನ್ನು ಆಡುವುದು ಹುಲಿಯ ಮೀಸೆ ಎಳೆದಂತೆ. ಕಿಟಕಿಯ ಬಿಸಿಲು ಆಗಲೇ ಗೋಡೆ ಏರುತ್ತಿತ್ತು.

“ಅಡುಗೆಮನೆ ಹಿಂಬಾಗಿಲಿಂದ, ತಾಯಿ,” ಎಂದ. “ನಿಮ್ಮ ನಾಲ್ಕು ಮಕ್ಕಳು ತೊಟ್ಟಿಲಲ್ಲೇ ಹೋದ್ವು. ಐದನೆಯದಕ್ಕೆ ದೊಡ್ಡ ಹೆಸರಿಟ್ರೆ ಸಾವು ಗುರುತು ಹಿಡಿಯುತ್ತೆ ಅಂತ, ಬಾಗಿಲಿಗೆ ಮೊದಲು ಬಂದ ಬಡವನ ಹೆಸರು ಇಡೋಣ ಅಂದ್ಕೊಂಡ್ರಿ. ಅವತ್ತು ಉಪ್ಪು ತಂದೋನು ನಮ್ಮಪ್ಪ. ಕಾರ್ಲ್ ಅಂದ್ರೆ ಹಳೇ ಮಾತಲ್ಲಿ ಪದವಿ ಗಿದವಿ ಇಲ್ಲದ ಸಾದಾ ಆಳು. ಅದಕ್ಕೇ ನಿಮಗೆ ಹಿಡಿಸ್ತು.”

ಮುದುಕಿಯ ಕೈಯ ನೂಲು ನಿಂತಿತು. “ಸರಿ,” ಎಂದಳು.

ದೊರೆಯ ಮುಖ ಕಪ್ಪಿಟ್ಟಿತು. “ಇಷ್ಟು ವರ್ಷ ನನಗೆ ಯಾಕೆ ಹೇಳಲಿಲ್ಲ, ಅಮ್ಮ?”

“ನೀನು ನನ್ನನ್ನು ಕೇಳಲಿಲ್ಲವಲ್ಲಪ್ಪ. ಕಂಡಕಂಡವರನ್ನು ಕೇಳಿದೆ.”

ಬೇಡಿದ್ದು ಸಿಗುವುದೆಂದು ಊರೆದುರು ಡಂಗುರ ಸಾರಿಸಿದ ಮಾತು, ಹಿಂದೆಗೆಯುವಂತಿರಲಿಲ್ಲ. ದೊರೆ ಹಲ್ಲು ಕಚ್ಚಿ ಏನು ಬೇಕೆಂದ. ವೆಂಡೆಲ್ ರಾಜ್ಯ ಕೇಳಲಿಲ್ಲ, ರಾಜಕುಮಾರಿಯನ್ನೂ ಕೇಳಲಿಲ್ಲ. ಅಕ್ಕ, ಅವಳ ಕೂಸು, ಕೂಸಿನ ಹೆಸರು, ಇಷ್ಟನ್ನೇ ಕೇಳಿದ. ದೊರೆಗೆ ಮತ್ತೆ ನಗು ಬಂತು.

“ಕೊಟ್ಟೆ. ಮೂರನ್ನೂ ಈಗ ಹೇಗಿವೆಯೋ ಹಾಗೇ ಕೊಟ್ಟೆ.” ಮೇಲೊಂದು ಚೀಲ ಬೆಳ್ಳಿಯನ್ನೂ ಕೊಡಿಸಿದ.

ವೆಂಡೆಲ್ ಸೆರೆಮನೆಗೆ ಓಡಿದ. ಹೊತ್ತು ಇನ್ನೂ ಮುಳುಗಿರಲಿಲ್ಲ. ಗೆರ್ಡಾ ಗೋಡೆಗೊರಗಿ ಕೂತಿದ್ದಳು, ಕೂಸು ಮಡಿಲಲ್ಲಿ ಕೈಕಾಲು ಆಡಿಸುತ್ತಿತ್ತು. ಅವಳ ಬಾಯಿಗೆ ಬಟ್ಟೆ ಕಟ್ಟಿದ್ದರು. ಬಟ್ಟೆ ಕೆಂಪಾಗಿತ್ತು.

“ನಾಲಿಗೆ ಬೆಳಿಗ್ಗೆ, ಹೊಳೆ ಸಂಜೆ,” ಎಂದ ಕಾವಲುಗಾರ ಬೀಗದಕೈ ಸೊಂಟಕ್ಕೆ ಸಿಕ್ಕಿಸುತ್ತ. “ಕ್ರಮ ಇರೋದೇ ಹಾಗೆ. ನಿನಗೆ ಯಾರೂ ಹೇಳಲಿಲ್ಲವಾ?”

ವೆಂಡೆಲ್ ಬೆಳ್ಳಿಯ ಚೀಲವನ್ನು ಅಲ್ಲೇ ಬಿಟ್ಟ. ಇಬ್ಬರನ್ನೂ ಹೇಸರಗತ್ತೆಯ ಮೇಲೆ ಕೂರಿಸಿಕೊಂಡು ಆ ರಾಜ್ಯ ದಾಟಿದ, ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಮುಂದೆ ಯಾವ ದೇಶದ ಛತ್ರಕ್ಕೆ ಹೋದರೂ ಹೆಂಗಸರು ಕೂಸಿನ ಗಲ್ಲ ಹಿಡಿದು ಹೆಸರೇನೆಂದು ತಾಯಿಯನ್ನೇ ಕೇಳುತ್ತಿದ್ದರು. ಗೆರ್ಡಾ ತಮ್ಮನ ಮುಖ ನೋಡುತ್ತಿದ್ದಳು. ಆ ದೇಶದವರ ಬಾಯಿಗೆ ಹೊಂದುವ ಹಾಗೆ ಅವನು ಹೆಸರು ಹೇಳುತ್ತಿದ್ದ, ಅವಳು ಹೌದೆಂದು ತಲೆಯಾಡಿಸುತ್ತಿದ್ದಳು.