ಅಳಿವೆಯ ಮಾರುಗಲ್ಲು

ಅಳಿವೆಯಮ್ಮನ ಪಾದಸನ್ನಿಧಿಯಲ್ಲಿ ತಲೆಬಾಗಿ, ಹಿರಿಯರಿಂದ ಕೇಳಿದ್ದನ್ನು ಕೇಳಿದಷ್ಟೇ ಬರೆಯುತ್ತೇನೆ. ಹೆಚ್ಚಿಸಿ ಹೇಳುವುದು ಈ ಕ್ಷೇತ್ರಕ್ಕೆ ಸಲ್ಲದು.

ಅರಸರ ಬಲವನ್ನು ಗಜಾಶ್ವಗಳಿಗಿಂತ ಹಡಗುಗಳಿಂದ ಅಳೆಯುತ್ತಿದ್ದ ಪುರಾತನ ಕಾಲದಲ್ಲಿ, ಕಂಚಿನೀ ನದಿಯು ಪಶ್ಚಿಮಸಮುದ್ರವನ್ನು ಕೂಡುವ ಈ ಅಳಿವೆಯಲ್ಲಿ ದುಗ್ಗ ಮರಕಾಲನೆಂಬ ಸತ್ಯವ್ರತನಿದ್ದನು. ಪ್ರತಿ ಮಳೆಗಾಲವೂ ನದೀಮುಖದ ಮರಳದಿಣ್ಣೆಯು ಜಾಗ ಬದಲಿಸುತ್ತಿದ್ದುದರಿಂದ, ಒಳಬರುವ ಹಡಗುಗಳಿಗೆ ನೀರಿನ ಆಳವನ್ನು ಕೂಗಿ ಹೇಳುವುದು ಅವನ ಕುಲವೃತ್ತಿ. ಎರಡು ತೋಳು ಚಾಚಿದಷ್ಟು ಉದ್ದ ಒಂದು ಮಾರು. ಗುಂಡು ಕಟ್ಟಿದ ಹಗ್ಗವನ್ನು ನೀರಿಗಿಳಿಸಿ, ಎಳೆದು, ತೋಳಿನಲ್ಲಿ ಅಳೆದು, ದಡದ ಬಂಡೆಯೇರಿ ಅವನು ಕೂಗಿದನೆಂದರೆ ಹಗೆಯ ಹಡಗೂ ನಂಬುತ್ತಿತ್ತು.

ಒಮ್ಮೆ ಪರರಾಜನ ನೌಕಾಬಲವು ಅಳಿವೆಯ ಹೊರಗೆ ನಿಂತು ಅಕ್ಕಿಯ ಹಡಗುಗಳನ್ನು ತಡೆಯಿತು. ಕೋಟೆಗೆ ಒಂದು ಬಾಣವೂ ತಾಗದೆ ಪಟ್ಟಣವು ಕಾಡುಗೆಣಸಿಗೆ ಇಳಿಯಿತು. ಸಮುದ್ರಯುದ್ಧದ ಮರ್ಮವೇ ಅದು: ಕಾದುವವನು ನೀರಿನ ಮೇಲೆ, ಸಾಯುವವನು ಒಲೆಯ ಮುಂದೆ. ದುಗ್ಗನ ಮಗ ಗಣಪನು ಹೊರಗೇ ಉಳಿದ ಆ ಅಕ್ಕಿಯ ಹಡಗೊಂದರಲ್ಲಿ ಚುಕ್ಕಾಣಿ ಹಿಡಿದಿದ್ದನು.

ಕೋಟೆಯ ದಳಪತಿ ಮಾಧವರಸನು ದುಗ್ಗನ ಮನೆಗೇ ಬಂದು, "ನಾಳೆ ಬೆಳಿಗ್ಗೆ ಅವರು ಒಳನುಗ್ಗುತ್ತಾರೆ. ದಿಣ್ಣೆಯ ಮೇಲೆ ನಾಲ್ಕು ಮಾರು ಎಂದು ಕೂಗು" ಎಂದನು.

"ಅಲ್ಲಿ ಒಂದು ಮಾರೂ ಇಲ್ಲ, ಒಡೆಯಾ."

"ನನಗೆ ಗೊತ್ತಿಲ್ಲವೇ? ಅದಕ್ಕೇ ಹೇಳಿದ್ದು."

ಹೆಂಡತಿ ಸೇಸಿಯು ಒಳಗಿನಿಂದಲೇ, "ಕೂಗಿ ಮಾರಾಯ್ರೆ! ನಿಮ್ಮ ಸತ್ಯ ಬೇಯ್ಸಿ ಬಡ್ಸುಕಾತ್ತಾ?" ಎಂದಳು.

ಮರುದಿನ ಬೆಳಿಗ್ಗೆ ದುಗ್ಗನು ಹಾಗೆಯೇ ಕೂಗಿದನು. ಶತ್ರುವಿನ ಎರಡು ಹಡಗುಗಳು ದಿಣ್ಣೆಗೆ ಬಡಿದು ಒಡೆದವು (ಐದು ಎನ್ನುವವರಿದ್ದಾರೆ, ಎರಡೇ). ಉಳಿದವು ಚದುರಿದವು. ಕಾವಲು ಸಡಿಲವಾದದ್ದೇ ತಡ, ಅಕ್ಕಿಯ ಹಡಗುಗಳು ಅದೇ ಕೂಗನ್ನು ನಂಬಿ, ಅದೇ ದಾರಿ ಹಿಡಿದು, ಹಾಯಿ ತುಂಬ ಗಾಳಿ ತುಂಬಿಕೊಂಡು ಬಂದವು. ಅಕ್ಕಿ ಹಡಗಿನವರು ಒಡೆದ ಹಡಗುಗಳನ್ನು ಕಂಡು ಕೋಟೆಯ ಕವಣೆಕಲ್ಲಿನ ಪೆಟ್ಟು ಎಂದುಕೊಂಡರೇ ಹೊರತು, ದುಗ್ಗನ ಮಾತಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

"ಒಂದು ಮಾರೂ ಇಲ್ಲ! ತೆಂಕಕ್ಕೆ ತಿರುಗ್ಸಿ!" ದುಗ್ಗನು ಗಂಟಲು ಹರಿಯುವಂತೆ ಕಿರುಚಿದನು.

ಮುಂದಿನ ಹಡಗಿನಿಂದ ಗಣಪನ ದನಿ ಬಂತು: "ಅಪ್ಪಯ್ಯಾ, ಆಗ ನಾಲ್ಕು ಅಂದ್ರಿ, ಈಗ ಒಂದೂ ಇಲ್ಲ ಅಂತ್ರಿ. ಯಾವ್ದು ನಿಜ?"

ಇದಕ್ಕೆ ಉತ್ತರ ಕೊಡುವ ಯೋಗ್ಯತೆ ಆ ನಾಲಿಗೆಗೆ ಉಳಿದಿರಲಿಲ್ಲ. ದುಗ್ಗನು ಬಂಡೆಯಿಂದ ಧುಮುಕಿ, ಈಜಿ, ದಿಣ್ಣೆಯ ಮೇಲೆ ನಿಂತು ಎರಡೂ ತೋಳುಗಳನ್ನು ಚಾಚಿದನು. ನೀರು ಎದೆಮಟ್ಟ! ಗಣಪನು ಕಂಡನು, ಚುಕ್ಕಾಣಿ ತಿರುಗಿತು. ಒಂದರ ಹಿಂದೊಂದರಂತೆ ಏಳು ಹಡಗುಗಳು ತೆಂಕಣ ದಾರಿಯಿಂದ ಒಳಸೇರುತ್ತಿರಲು ಉಬ್ಬರವೇರಿತು. ಒಡೆದ ಹಡಗಿನ ಶತ್ರುನಾವಿಕರು ಆ ತೋಳುಗಳಿಗೇ ಜೋತುಬಿದ್ದರು. ಆದರೂ ಅವನು ಅವುಗಳನ್ನು ಇಳಿಸಲಿಲ್ಲ, ನೀರೇರಿದಂತೆ ಮೇಲಮೇಲಕ್ಕೆ ಚಾಚಿದನು. ಏಳನೆಯ ಹಡಗು ದಾಟುವಾಗ ನೀರಿನ ಮೇಲೆ ಬೆರಳುಗಳಷ್ಟೇ ಇದ್ದವು.

ಆಗ ಅಮ್ಮನ ವಾಣಿಯಾಯಿತು: "ವತ್ಸ, ಆಳಕ್ಕೆ ಶತ್ರುಮಿತ್ರಭೇದವಿಲ್ಲ, ಆಳ ಹೇಳುವವನಿಗೂ ಇರತಕ್ಕದ್ದಲ್ಲ. ನಿನ್ನ ಮಾತು ತಪ್ಪಿತು, ಮೈ ತಪ್ಪಲಿಲ್ಲ. ಇಲ್ಲಿಯೇ ನಿಲ್ಲು."

ನೀರಿಳಿದಾಗ ಅಲ್ಲಿ ತೋಳು ಚಾಚಿದ ಕರಿಬಂಡೆಯಿತ್ತು. ಇಂದಿಗೂ ಇದೆ. ಶ್ರಾವಣದ ನೂಲಹುಣ್ಣಿಮೆಯಂದು ದೋಣಿ ಇಳಿಸುವ ಮುನ್ನ ಪ್ರತಿಯೊಬ್ಬನೂ ಮಾರುಗಲ್ಲಿಗೆ ಮುಖಮಾಡಿ, ತೋಳು ಚಾಚಿ, ತಾನೇ ಅಳೆದು ತಿಳಿದ ಆಳವನ್ನು ಗಟ್ಟಿಯಾಗಿ ಹೇಳಬೇಕು. ಅಳೆಯದವನು "ಗೊತ್ತಿಲ್ಲ" ಎನ್ನಬೇಕು. ಅದಕ್ಕೂ ಇಲ್ಲಿ ಪ್ರಸಾದವುಂಟು.