ಡ್ರಾಯರಿನಲ್ಲಿ ಸಿಕ್ಕವರು

ಪುಟ್ಟಮಾದಯ್ಯ ಮೇಷ್ಟ್ರು ಮನೆಯಲ್ಲೇ ಜೋಡಿಸಿದ ಹೊಸ ಕಂಪ್ಯೂಟರಿನೊಳಗೆ ಹಾರ್ಡ್ ಡಿಸ್ಕ್ ಬೆಳಗಿನಿಂದ ತಿರುಗುತ್ತಲೇ ಇತ್ತು. "ನಾನಿಲ್ಲೇ ಇದ್ದೇನೆ" ಎಂದು ಕೂಗಿ ಕೂಗಿ ಅದಕ್ಕೆ ಸಾಕಾಗಿತ್ತು. ಮದರ್‌ಬೋರ್ಡ್ ಮಾತ್ರ "ಡಿಸ್ಕ್ ಇಲ್ಲ" ಎಂದು ಪರದೆಯ ಮೇಲೆ ಏಳನೇ ಸಲ ಬರೆಯಿತು.

"ಇದು ಕೆಟ್ಟುಹೋಗಿದೆ," ಎಂದು ಮೇಷ್ಟ್ರು ನಿಟ್ಟುಸಿರುಬಿಟ್ಟು, ಸ್ಕ್ರೂ ಬಿಚ್ಚಿ ಡಿಸ್ಕನ್ನು ಡ್ರಾಯರಿಗೆ ಹಾಕಿದರು.

ಅಲ್ಲಿ, ಕವರು ಕೂಡ ಒಡೆಯದ ಕೇಬಲ್ಲೊಂದು ಮಲಗಿತ್ತು.

"ನೀವು ಯಾರು?" ಡಿಸ್ಕ್ ಕೇಳಿತು.

"ನಿಮ್ಮನ್ನು ತಿರುಗಿಸುವ ಕರೆಂಟಿನ ತಂತಿ ಬೇರೆ; ನಿಮ್ಮ ಮಾತನ್ನು ಮದರ್‌ಬೋರ್ಡಿಗೆ ಮುಟ್ಟಿಸಬೇಕಾಗಿದ್ದದ್ದು ನಾನೇ. ಹೊಸದು, ಮುಂದೆ ಯಾವಾಗಲಾದರೂ ಬೇಕಾದೀತು ಎಂದು ಮೇಷ್ಟ್ರು ಜೋಪಾನವಾಗಿ ಎತ್ತಿಟ್ಟಿದ್ದಾರೆ."

ಹೊರಗೆ ಮೇಷ್ಟ್ರು ಇನ್ನೊಂದು ಡಿಸ್ಕ್ ತರಲು ಚಪ್ಪಲಿ ಮೆಟ್ಟಿಕೊಂಡರು.

"ಸ್ವಲ್ಪ ಸರಿದು ಕೂರಿ," ಎಂದಿತು ಕೇಬಲ್. "ಇನ್ನೊಬ್ಬರು ಬರುತ್ತಾರೆ."