ಹೆಗಲಿಗೆ ತಿಳಿಯದ ಪಾದ

ಹಾವೇರಿ ಕಡೆಯ ಒಂದು ಊರಿನಲ್ಲಿ ಮೈಲಾರಪ್ಪ ಎಂಬ ಡೊಳ್ಳಿನ ಮೇಷ್ಟ್ರಿದ್ದರು. ಅವರ ತಂಡದ ಯುವಕರು ಡೊಳ್ಳು ಹಾಕಿಕೊಂಡೇ ಒಬ್ಬರ ಹೆಗಲ ಮೇಲೊಬ್ಬರು ನಿಂತು ಬಾರಿಸುತ್ತಿದ್ದರು. ಕೆಳಗೆ ನಿಲ್ಲುವವನು ಮಾಲತೇಶ. ಅವನ ಹೆಗಲೇರುವವನು ಬಾಲ್ಯದ ಗೆಳೆಯ ಗುಡ್ಡಪ್ಪ.

"ಕೆಳಗಿನವ ಕಣ್ಣಿಂದ ನೋಡಬಾರದು, ಹೆಗಲಿಂದ ನೋಡಬೇಕು," ಎನ್ನುತ್ತಿದ್ದರು ಮೇಷ್ಟ್ರು. ಮೇಲಿನವನ ಪಾದ ಎತ್ತ ವಾಲಿತೆಂದು ಹೆಗಲಿಗೆ ತಿಳಿದರೆ ಮಾತ್ರ ಕೆಳಗಿನವನು ಮೈ ಹೊಂದಿಸಿಕೊಳ್ಳಬಲ್ಲ. ಇಲ್ಲದಿದ್ದರೆ ಮೇಲಿನವನ ಕುತ್ತಿಗೆ ಮುರಿಯುತ್ತದೆ.

ಜಿಲ್ಲಾ ಸ್ಪರ್ಧೆ ಹತ್ತಿರ ಬಂತು. ಅಭ್ಯಾಸ ಮಾಡಿ ಮಾಡಿ ಮಾಲತೇಶ ಹಣ್ಣಾಗಿದ್ದ. ಕಾಲೇಜಿನ ಗೆಳೆಯನೊಬ್ಬ ಅವನ ಅಂಗೈಯಲ್ಲಿ ಒಂದು ಗುಳಿಗೆ ಇಟ್ಟ.

"ನುಂಗಲೇ. ಡೊಳ್ಳು ಹೂವಿನಂಗ ಹಗುರ ಆಗ್ತೈತಿ."

ಹಗುರವೇನೋ ಆಯಿತು. ಮರುದಿನವೂ ನುಂಗಿದ. ಬರಬರುತ್ತಾ ಗುಳಿಗೆ ಇಲ್ಲದೆ ಡೊಳ್ಳಿನ ಕೋಲು ಹಿಡಿಯಲೂ ಆಗದಂತಾಯಿತು. ಕರೆದು ಕರೆದು ಕೊಟ್ಟಿದ್ದ ಗೆಳೆಯ ಈಗ ಕಾಡಿಸಿ ಕೊಡುತ್ತಿದ್ದ. ಇಂಥವರ ಉದಾರತೆ ಅಷ್ಟೇ ಮಕ್ಕಳೇ, ಮೀನು ಗಾಳಕ್ಕೆ ಸಿಕ್ಕುವವರೆಗೆ.

ಸ್ಪರ್ಧೆಯ ದಿನ ಮೈದಾನ ಕಿಕ್ಕಿರಿದಿತ್ತು. ಮಾಲತೇಶ ಮರೆಯಲ್ಲಿ ಗುಳಿಗೆ ನುಂಗಿ ಬಂದು, ಕಾಲು ಅಗಲಿಸಿ ನಿಂತ. ಡೊಳ್ಳುಗಳ ಸದ್ದು ಎದೆಗೆ ಗುದ್ದುತ್ತಿತ್ತು. ಅವನು ಕಾಯ್ದೇ ಕಾಯ್ದ.

"ಗುಡ್ಡ್ಯಾ, ಯಾಕೋ ತಡಾ? ಹೆಗಲ ಮ್ಯಾಲೆ ಕಾಲಿಡೋ!"

ಮೇಲಿನಿಂದ ನಗು ಕೇಳಿಸಿತು. "ಆಗಲೇ ಇಟ್ಟು ನಿಂತೀನಲ್ಲೋ!"

ಮಾಲತೇಶನ ಜೀವ ಝಲ್ಲೆಂದಿತು. ಗೆಳೆಯ ಹೆಗಲ ಮೇಲೆ ನಿಂತಿದ್ದಾನೆ, ಹೆಗಲಿಗೆ ಗೊತ್ತೇ ಆಗಿಲ್ಲ! ಬಾಯಿಬಿಟ್ಟರೆ ಬಹುಮಾನ ಹೋಗುತ್ತದೆ, ಊರಿನವರೆದುರು ಮಾನವೂ ಹೋಗುತ್ತದೆ. ಸುಮ್ಮನಿದ್ದರೆ? ಅವನು ಗಂಟಲು ಹರಿಯುವಂತೆ ಕೂಗಿದ.

"ಇಳಿಯೋ! ನಾ ಅಮಲಿನ ಗುಳಿಗಿ ನುಂಗೀನಿ. ನಿನ್ನ ಕಾಲು ನನಗ ತಿಳಿಯವಲ್ದು!"

ಡೊಳ್ಳುಗಳು ನಿಂತವು. ಉಳಿದವರು ಓಡಿಬಂದು ಗುಡ್ಡಪ್ಪನನ್ನು ಹಿಡಿದು ಇಳಿಸಿದರು. ಜನ ಸಿಳ್ಳೆ ಹೊಡೆದು ಗೇಲಿ ಮಾಡಿದರು. ಮಾಲತೇಶ ಅಲ್ಲೇ ಕುಸಿದು ಅತ್ತ.

ಮೇಷ್ಟ್ರು ಬಂದು ಅವನ ರಟ್ಟೆ ಹಿಡಿದು ಎಬ್ಬಿಸಿದರು.

"ನುಂಗಿದ್ದು ತಪ್ಪು. ನಾಳೆ ಡಾಕ್ಟರ್ ಹತ್ರ ನಾನೇ ಕರಕೊಂಡು ಹೋಗ್ತೀನಿ. ಪೂರಾ ವಾಸಿ ಆಗೋತನಕ ನೀ ಕೆಳಗ ನಿಲ್ಲಂಗಿಲ್ಲ. ಆದ್ರ ಇಷ್ಟು ಮಂದಿ ಮುಂದ ಖರೇ ಹೇಳಿದ್ಯಲ್ಲ, ಇಂಥ ಶಿಷ್ಯಾ ನನಗ ಅದಾನಂತ ಎದಿ ಉಬ್ಬಿ ಬಂತಪಾ."

ಊರಿಗೆ ಮರಳಿದಾಗ ಹಿರಿಯರು ಬಸ್ ನಿಲ್ದಾಣದಲ್ಲೇ ಕಾದಿದ್ದರು. "ಎಲ್ಲೈತ್ರೋ ಬಹುಮಾನ?" ಎಂದು ಕೇಳಿದರು. ಗುಡ್ಡಪ್ಪ ಹಿಂದೆ ಅವಿತಿದ್ದ ಮಾಲತೇಶನನ್ನು ಎಳೆದು ತಂದು ಮುಂದೆ ನಿಲ್ಲಿಸಿದ.

"ಇವನ್ನ ನೋಡ್ರೀ. ಇವ ಸುಮ್ಮನಿದ್ದಿದ್ರ ನನ್ನ ನಾಕು ಮಂದಿ ಹೊತ್ಕೊಂಡು ಬರಬೇಕಾಗ್ತಿತ್ತು. ನಾ ನನ್ನ ಕಾಲ ಮ್ಯಾಲೆ ನಡಕೊಂಡು ಬಂದೀನಿ."

ನೀತಿ: ಅಮಲು ನಮ್ಮ ಹೊರೆಯನ್ನು ಇಳಿಸುವುದಿಲ್ಲ, ಅದರ ಅರಿವನ್ನಷ್ಟೇ ಕದಿಯುತ್ತದೆ, ಪೆಟ್ಟು ನಮ್ಮನ್ನು ನಂಬಿದವರಿಗೂ ಬೀಳುತ್ತದೆ. ಅದರ ಹತ್ತಿರ ಸುಳಿಯಬೇಡಿ. ಸಿಕ್ಕಿಕೊಂಡಿದ್ದರೆ ಬಾಯಿಬಿಟ್ಟು ಹೇಳಿ, ಸಹಾಯ ಕೇಳಿ. ಹಾಗೆ ಹೇಳಿಕೊಳ್ಳುವುದು ಅವಮಾನವಲ್ಲ, ಹೆಮ್ಮೆಪಡುವಂಥ ಧೈರ್ಯ.